ಉದ್ರಿ ಲೆಕ್ಕದ ಸ್ಟಾರ್ಟಪ್‌ಗೆ ಎಂಥ ಸರ್ವರ್ ಬೇಕು?

ಹುಬ್ಬಳ್ಳಿಯ ದುರ್ಗದಬೈಲಿನಂಥ ಪೇಟೆಯ ಅಂಗಡಿಗಳನ್ನು ಕಣ್ಣ ಮುಂದಿಟ್ಟುಕೊಳ್ಳಿ. ಬಿಲ್ ಹಾಕುವುದು, ಉದ್ರಿ ಬರೆದಿಡುವುದು, ತಿಂಗಳ ಕೊನೆಗೆ ಬಾಕಿ ಇರುವವರಿಗೆ ಎಸ್ಸೆಮ್ಮೆಸ್ ಕಳಿಸುವುದು, ಇಷ್ಟನ್ನು ಕನ್ನಡದಲ್ಲೇ ಮಾಡಿಕೊಡುವ ಒಂದು ವೆಬ್ ಸೇವೆ. ಕಟ್ಟುವವರು ಇಬ್ಬರು, ಹೆಚ್ಚೆಂದರೆ ಮೂವರು. ಕೈಯಲ್ಲಿರುವ ದುಡ್ಡು ಎಂಟ್ಹತ್ತು ತಿಂಗಳಿಗೆ ಸಾಕು. ಇಂಥವರು ಯಾವ ಫ್ರೇಮ್‌ವರ್ಕ್ (ವೆಬ್ ಸೇವೆ ಕಟ್ಟುವ ಸಿದ್ಧ ಚೌಕಟ್ಟು), ಯಾವ ಡೇಟಾಬೇಸ್, ಯಾವ ಹೋಸ್ಟಿಂಗ್ (ಬಾಡಿಗೆಯ ಸರ್ವರ್) ಆರಿಸಬೇಕು ಅನ್ನುವುದು ಇಲ್ಲಿನ ವಿಷಯ.

ಆಯ್ಕೆಗೆ ನಾನಿಡುವ ಅಳತೆ ಒಂದೇ. ಇದು ಕೆಟ್ಟು ನಿಂತ ದಿನ, ತಂಡದಲ್ಲಿರುವ ಇಬ್ಬರಲ್ಲಿ ಒಬ್ಬರು ಬೇರೆ ಯಾರನ್ನೂ ಕೇಳದೆ ಒಂದು ಗಂಟೆಯೊಳಗೆ ಸರಿಮಾಡಬಲ್ಲರೇ? ಹೌದು ಅಂತಾದರೆ ಅದನ್ನು ತೆಗೆದುಕೊಳ್ಳಿ. ದೊಡ್ಡ ಕಂಪನಿಗಳು ಏನು ಬಳಸುತ್ತವೆ, ಈ ವರ್ಷ ಯಾವುದು ಹೊಸತು ಅನ್ನುವುದೆಲ್ಲ ಆಮೇಲಿನ ಮಾತು.

ಮೊದಲು ಭಾರದ ಲೆಕ್ಕ ಹಾಕಿ. 500 ಅಂಗಡಿಗಳು, ಒಂದೊಂದರಲ್ಲೂ ದಿನಕ್ಕೆ 200 ಬಿಲ್ ಅಂದರೆ ದಿನಕ್ಕೆ 1,00,000 ಬಿಲ್. ಪೇಟೆ 12 ಗಂಟೆ ತೆರೆದಿರುತ್ತದೆ ಅಂದುಕೊಂಡರೆ 43,200 ಸೆಕೆಂಡ್. ಅಂದರೆ ಸೆಕೆಂಡಿಗೆ ಎರಡೂಕಾಲಕ್ಕಿಂತ ತುಸು ಹೆಚ್ಚು ಬಿಲ್. ಹಬ್ಬದ ಸಂಜೆಯ ನೂಕುನುಗ್ಗಲಿಗೆ ಅದನ್ನು ಹತ್ತು ಪಟ್ಟು ಮಾಡಿದರೂ 23ರ ಆಸುಪಾಸು. ಎರಡು ಕೋರ್‌ನ ಸಾಧಾರಣ ಸರ್ವರಿನಲ್ಲಿ ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ಇಂಥ ಚಿಕ್ಕ ವಹಿವಾಟುಗಳನ್ನು ಸೆಕೆಂಡಿಗೆ ನೂರಾರು ಲೆಕ್ಕದಲ್ಲಿ ಬರೆದುಕೊಳ್ಳುತ್ತದೆ. ಮೊದಲ ವರ್ಷ ನಿಮ್ಮಲ್ಲಿರುವುದು 500 ಅಂಗಡಿ ಅಲ್ಲ, 20 ಇರಬಹುದು. ಕುಬರ್ನೆಟೀಸ್, ಮೈಕ್ರೋಸರ್ವೀಸ್, ಕಾಫ್ಕಾದಂಥ ದೊಡ್ಡ ಸೇವೆಗಳ ಸಲಕರಣೆಗಳು ಯಾವುವೂ ಈ ಲೆಕ್ಕದಲ್ಲಿ ಹುಟ್ಟುವುದೇ ಇಲ್ಲ. ಒಂದು ಸರ್ವರ್, ಒಂದು ಡೇಟಾಬೇಸ್, ಒಂದೇ ಕೋಡ್ ರಾಶಿ ಸಾಕು.

ಫ್ರೇಮ್‌ವರ್ಕ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಜಾಂಗೋ, ರೇಲ್ಸ್, ಲಾರಾವೆಲ್ ಈ ಮೂರರಲ್ಲಿ ನಿಮ್ಮಲ್ಲೊಬ್ಬರಿಗೆ ಈಗಾಗಲೇ ಚೆನ್ನಾಗಿ ಬರುವುದು ಯಾವುದೋ ಅದು. ಮೂರೂ ಗೊತ್ತಿಲ್ಲದಿದ್ದರೆ ಜಾಂಗೋ ಅನ್ನುತ್ತೇನೆ. ಅದರ ಅಡ್ಮಿನ್ ಪುಟವೇ ನಿಮ್ಮ ಒಳಗಿನ ಕೆಲಸಕ್ಕೆ ಆಗುತ್ತದೆ: ಅಂಗಡಿಯವರು ಫೋನ್ ಮಾಡಿ "ನಿನ್ನೆಯ ಬಿಲ್ ತಪ್ಪಾಗಿದೆ" ಅಂದಾಗ ತೆರೆದು ನೋಡಲು ಬೇರೆ ಪರದೆ ಕಟ್ಟಬೇಕಿಲ್ಲ. ದೀರ್ಘಕಾಲ ಬೆಂಬಲ ಇರುವ ಆವೃತ್ತಿಯನ್ನೇ ಹಿಡಿಯಿರಿ. 2025ರ ಏಪ್ರಿಲ್‌ನಲ್ಲಿ ಬಂದ ಜಾಂಗೋ 5.2ಕ್ಕೆ 2028ರ ಏಪ್ರಿಲ್‌ವರೆಗೆ ಭದ್ರತಾ ತಿದ್ದುಪಡಿ ಸಿಗುತ್ತದೆ. ಸರ್ವರಿಗೆ ಉಬುಂಟು ಲಿನಕ್ಸ್ 24.04, ಅದಕ್ಕೆ ಐದು ವರ್ಷ.

ಮುಂಬದಿಗೆ (ಬ್ರೌಸರಿನಲ್ಲಿ ಕಾಣುವುದಕ್ಕೆ) ಬೇರೆ ರಿಯಾಕ್ಟ್ ಆ್ಯಪ್, ಹಿಂಬದಿಗೆ (ಸರ್ವರಿನಿಂದ ಡೇಟಾ ಕೊಡುವುದಕ್ಕೆ) ಬೇರೆ ಎಪಿಐ ಎಂದು ಎರಡು ಕಟ್ಟಬೇಡಿ. ಪ್ರತಿ ಫಾರ್ಮಿನ ತಪಾಸಣೆಯನ್ನು ಎರಡು ಸಲ ಬರೆಯಬೇಕಾಗುತ್ತದೆ, ಲಾಗಿನ್ ಎರಡು ಕಡೆ ನೋಡಿಕೊಳ್ಳಬೇಕಾಗುತ್ತದೆ. ಬಿಲ್ ಹಾಕುವ ಒಂದು ಪರದೆಗೆ ಚುರುಕುತನ ಬೇಕು, ಅಲ್ಲಿಗೆ ಮಾತ್ರ ಸ್ವಲ್ಪ ಜಾವಾಸ್ಕ್ರಿಪ್ಟ್ ಹಾಕಿ. ಉಳಿದದ್ದು ಸರ್ವರಿನಿಂದಲೇ ತಯಾರಾಗಿ ಬರುವ ಪುಟಗಳಿರಲಿ. ಅಂಗಡಿಯಲ್ಲಿರುವುದು ನಾಲ್ಕು ವರ್ಷದ ಹಿಂದಿನ ಅಗ್ಗದ ಆಂಡ್ರಾಯ್ಡ್ ಫೋನ್. ಅದರಲ್ಲಿ ಹೊತ್ತು ತಿನ್ನುವುದು ಡೌನ್‌ಲೋಡಿಗಿಂತ ಹೆಚ್ಚಾಗಿ ಜಾವಾಸ್ಕ್ರಿಪ್ಟ್ ಓದಿ ಓಡಿಸುವ ಕೆಲಸ.

ಸರ್ವರ್ ಎಲ್ಲಿರಬೇಕು

ಭಾರತದಲ್ಲೇ. ಇದರ ಕಾರಣ ಅಂಕಿಯಲ್ಲಿದೆ. ಕರ್ನಾಟಕದಿಂದ ಮುಂಬೈಗೆ ಹೋಗಿ ಬರಲು ಪ್ಯಾಕೆಟ್‌ಗೆ 20ರಿಂದ 30 ಮಿಲಿಸೆಕೆಂಡ್ ಸಾಕು, ಅಮೆರಿಕದ ಪೂರ್ವ ಕರಾವಳಿಗೆ 200ಕ್ಕೂ ಹೆಚ್ಚು. ಹೊಸದಾಗಿ ಪುಟ ತೆರೆಯುವಾಗ ಸಂಪರ್ಕ ಜೋಡಿಸಲು ಒಂದು ಸುತ್ತು, ಗುಪ್ತ ಸಂಪರ್ಕಕ್ಕೆ (ಟಿಎಲ್ಎಸ್) ಕೈಕುಲುಕಲು ಒಂದು, ಪುಟ ಕೇಳಿ ಪಡೆಯಲು ಒಂದು ಸುತ್ತು. ಮೂರು ಸುತ್ತು ಸೇರಿದರೆ ಇಲ್ಲಿ 90 ಮಿಲಿಸೆಕೆಂಡ್, ಅಲ್ಲಿ 600ಕ್ಕೂ ಮಿಕ್ಕಿ. ಮೊಬೈಲ್ ನೆಟ್‌ವರ್ಕ್ ತನ್ನ ಪಾಲು ಸೇರಿಸುವುದು ಇದರ ಮೇಲೆ.

ಸರ್ವರ್ ಬಾಡಿಗೆ ಕೊಡುವ ಡಿಜಿಟಲ್ ಓಶನ್‌ಗೆ ಬೆಂಗಳೂರಿನಲ್ಲೇ ಡೇಟಾಸೆಂಟರ್ ಇದೆ. ಅಮೆಜಾನಿನ ಕ್ಲೌಡ್ ಎಡಬ್ಲ್ಯೂಎಸ್ 2016ರಲ್ಲಿ ಮುಂಬೈಯಲ್ಲಿ, 2022ರಲ್ಲಿ ಹೈದರಾಬಾದಿನಲ್ಲಿ ಶುರುಮಾಡಿತು. ಗೂಗಲ್ ಕ್ಲೌಡ್ ಮುಂಬೈ, ದೆಹಲಿಯಲ್ಲಿದೆ. ಮೈಕ್ರೋಸಾಫ್ಟಿನ ಅಜೂರ್ ಪುಣೆ, ಚೆನ್ನೈ, ಮುಂಬೈಯಲ್ಲಿ. ಆಯ್ಕೆಗೆ ಕೊರತೆಯಿಲ್ಲ.

ಇದಕ್ಕಿಂತ ದೊಡ್ಡ ತಪ್ಪು ಆ್ಯಪ್ ಒಂದು ಖಂಡದಲ್ಲಿ, ಡೇಟಾಬೇಸ್ ಇನ್ನೊಂದು ಖಂಡದಲ್ಲಿ ಕೂರುವುದು. ಒಂದು ಪುಟಕ್ಕೆ 40 ಕ್ವೆರಿ (ಡೇಟಾಬೇಸಿಗೆ ಕೇಳುವ ಪ್ರಶ್ನೆ) ಓಡುತ್ತವೆ ಅನ್ನೋಣ. ಎರಡೂ ಒಂದೇ ಕಡೆ ಇದ್ದರೆ ಒಂದೊಂದಕ್ಕೆ ಒಂದು ಮಿಲಿಸೆಕೆಂಡ್ ಹಿಡಿದರೂ 40 ಮಿಲಿಸೆಕೆಂಡ್. ನಡುವೆ ಸಮುದ್ರವಿದ್ದರೆ 40 ಸಲ 200, ಅಂದರೆ 8 ಸೆಕೆಂಡ್. ಬೇಕೆಂದು ಯಾರೂ ಹೀಗೆ ಮಾಡುವುದಿಲ್ಲ, ಗಮನಿಸದೆ ಆಗುತ್ತದೆ. ವರ್ಸೆಲ್ ಎಂಬ ಹೋಸ್ಟಿಂಗ್ ಸೇವೆಯಲ್ಲಿ ನೀವು ಬದಲಿಸದಿದ್ದರೆ ಫಂಕ್ಷನ್‌ಗಳು (ನಿಮ್ಮ ಸರ್ವರ್ ಕೋಡ್) ಓಡುವುದು ವಾಷಿಂಗ್ಟನ್ ಪ್ರದೇಶದಲ್ಲಿ. ಡೇಟಾಬೇಸನ್ನು ಮಾತ್ರ ಹುಷಾರಾಗಿ ಮುಂಬೈ ಅಂತ ಆರಿಸಿರುತ್ತೀರಿ. ಪುಟ ನಿಧಾನ ಅನ್ನಿಸಿದಾಗ ಕೋಡ್ ತಿದ್ದಲು ಕೂರುವ ಮೊದಲು ಇವೆರಡೂ ಯಾವ ಊರಿನಲ್ಲಿವೆ ಎಂದು ನೋಡಿ.

ವರ್ಸೆಲ್‌ನ ಉಚಿತ ಹಾಬಿ ಯೋಜನೆ ವ್ಯಾಪಾರದ ಬಳಕೆಗೆ ಅಲ್ಲ ಎಂದು ಅವರ ಷರತ್ತಿನಲ್ಲೇ ಇದೆ. ಡೇಟಾಬೇಸ್ ಸೇವೆ ಸುಪಾಬೇಸ್‌ನ ಉಚಿತ ಪ್ರಾಜೆಕ್ಟ್ ಒಂದು ವಾರ ಬಳಕೆ ಇಲ್ಲದಿದ್ದರೆ ನಿಂತುಬಿಡುತ್ತದೆ. ಹೆರೋಕು ಎಂಬ ಹೋಸ್ಟಿಂಗ್ ಸೇವೆ 2022ರ ನವೆಂಬರಿನಲ್ಲಿ ಉಚಿತ ಯೋಜನೆಯನ್ನೇ ಮುಚ್ಚಿತು. ಕಲಿಯಲು, ಮಾದರಿ ತೋರಿಸಲು ಉಚಿತ ಯೋಜನೆಗಳು ಒಳ್ಳೆಯವು. ಇನ್ನೊಬ್ಬರ ಉದ್ರಿ ಖಾತೆಯನ್ನು ಉಚಿತ ಯೋಜನೆಯ ಮೇಲೆ ಇಡಬಾರದು.

ಖರ್ಚು

ಇದನ್ನು ಬರೆಯುವಾಗ ಡಿಜಿಟಲ್ ಓಶನ್‌ನಲ್ಲಿ 2 ಕೋರ್, 4 ಜಿಬಿ ಮೆಮೊರಿ, 80 ಜಿಬಿ ಡಿಸ್ಕ್ ಇರುವ ಸಾದಾ ಸರ್ವರಿಗೆ ತಿಂಗಳಿಗೆ 24 ಡಾಲರ್. ವಾರದ ಬ್ಯಾಕಪ್‌ಗೆ ಅದರ ಮೇಲೆ ಶೇ 20, ಅಂದರೆ 4.80. ಅದಕ್ಕೆ ಶೇ 18 ಜಿಎಸ್‌ಟಿ ಸೇರಿದರೆ 34 ಡಾಲರ್, ಮೂರು ಸಾವಿರ ರೂಪಾಯಿಯ ಆಸುಪಾಸು. 4 ಜಿಬಿ ಯಾಕೆ ಅಂದರೆ ಮೆಮೊರಿ ಹಂಚಿಕೆ ಹೀಗೆ: ಪೋಸ್ಟ್‌ಗ್ರೆಸ್‌ನ ಶೇರ್ಡ್ ಬಫರ್‌ಗೆ (ಡೇಟಾ ಹಿಡಿದಿಡುವ ಜಾಗ) 1 ಜಿಬಿ, ಜಾಂಗೋ ಓಡಿಸುವ ಗುನಿಕಾರ್ನ್‌ನ ಐದು ವರ್ಕರ್‌ಗಳಿಗೆ ತಲಾ 150 ಎಂಬಿಯಂತೆ 750, ಪಿಡಿಎಫ್ ಮಾಡಲು ಪರದೆಯಿಲ್ಲದ ಕ್ರೋಮ್ ಎದ್ದಾಗ 300ರ ಮೇಲೆ. ಉಳಿದದ್ದನ್ನು ಲಿನಕ್ಸ್ ಫೈಲ್ ಕ್ಯಾಶ್‌ಗೆ ಬಳಸುತ್ತದೆ. 1 ಜಿಬಿ ಸರ್ವರಿನಲ್ಲಿ ಇದೆಲ್ಲ ತುರುಕಿದರೆ ಬಿಲ್ ಹಾಕುವ ಹೊತ್ತಿನಲ್ಲೇ ಲಿನಕ್ಸ್ ಕರ್ನಲ್ ಇವುಗಳಲ್ಲಿ ಒಂದನ್ನು ಕೊಲ್ಲುತ್ತದೆ, ಹೆಚ್ಚಿನ ಸಲ ಪೋಸ್ಟ್‌ಗ್ರೆಸ್ಸನ್ನೇ.

ಎಡಬ್ಲ್ಯೂಎಸ್‌ನಲ್ಲಿ ಯಂತ್ರದ ಬೆಲೆ ನೋಡಿ ಮೋಸ ಹೋಗುವುದು ಸುಲಭ, ಏಕೆಂದರೆ ಬಿಲ್ ಬೆಳೆಯುವುದು ಬೇರೆ ಸಾಲುಗಳಲ್ಲಿ. ಹೊರಹೋಗುವ ಡೇಟಾ ತಿಂಗಳಿಗೆ 100 ಜಿಬಿ ಉಚಿತ, ಆಮೇಲೆ ಮುಂಬೈಯಲ್ಲಿ ಪ್ರತಿ ಜಿಬಿಗೆ 0.1093 ಡಾಲರ್. ಒಂದು ಟಿಬಿ ಹೊರಗೆ ಹೋದರೆ ಅದೊಂದಕ್ಕೇ 98 ಡಾಲರ್. ಮೇಲೆ ಹೇಳಿದ 24 ಡಾಲರಿನ ಸರ್ವರಿನಲ್ಲಿ 4 ಟಿಬಿ ಬೆಲೆಯೊಳಗೇ ಇದೆ. ಪಾಠದ ವಿಡಿಯೊ ನೋಡಿ ಖಾಸಗಿ ಸಬ್‌ನೆಟ್ (ಒಳಜಾಲ), ಅದರಿಂದ ಹೊರಹೋಗಲು ನ್ಯಾಟ್ ಗೇಟ್‌ವೇ ಹಾಕಿಕೊಂಡರೆ ಏನೂ ಓಡಿಸದೆಯೇ ತಿಂಗಳಿಗೆ 40 ಡಾಲರ್. 2024ರ ಫೆಬ್ರವರಿಯಿಂದ ಪ್ರತಿ ಪಬ್ಲಿಕ್ ಐಪಿವಿ4 ವಿಳಾಸಕ್ಕೂ ಗಂಟೆಗೆ ಅರ್ಧ ಸೆಂಟ್. ಸ್ಟಾರ್ಟಪ್ ಕ್ರೆಡಿಟ್ ಸಿಕ್ಕರೆ ಖಂಡಿತ ತೆಗೆದುಕೊಳ್ಳಿ. ಆದರೆ ಅದರಲ್ಲಿ ಬಳಸುವುದು ಸಾದಾ ಯಂತ್ರ, ಸಾದಾ ಪೋಸ್ಟ್‌ಗ್ರೆಸ್ ಆಗಿರಲಿ. ಕ್ರೆಡಿಟ್‌ಗೆ ಅವಧಿ ಇರುತ್ತದೆ. ಆ ಕಂಪನಿಯಲ್ಲಿ ಮಾತ್ರ ಸಿಗುವ ಸೇವೆಗಳ ಮೇಲೆ ಆ್ಯಪ್ ಕಟ್ಟಿದ್ದರೆ ಅವಧಿ ಮುಗಿದ ಮೇಲೆ ಅಲ್ಲಿಂದ ಹೊರಡಲು ಆಗುವುದಿಲ್ಲ.

ದುಡ್ಡು ಕಟ್ಟುವ ದಾರಿಯನ್ನೂ ಈಗಲೇ ಯೋಚಿಸಿ. 2021ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕಿನ ಇ-ಮ್ಯಾಂಡೇಟ್ (ತಾನಾಗಿ ಹಣ ಕಡಿತವಾಗಲು ಮುಂಗಡ ಒಪ್ಪಿಗೆ) ನಿಯಮ ಜಾರಿಯಲ್ಲಿದೆ. ಮ್ಯಾಂಡೇಟ್ ನೋಂದಣಿ ಆಗದ ಕಾರ್ಡಿನಿಂದ ತಿಂಗಳ ಹಣ ತಾನಾಗಿ ಕಡಿತವಾಗುವುದಿಲ್ಲ. 15,000 ರೂಪಾಯಿ ಮೀರಿದರೆ ಪ್ರತಿ ಸಲ ಓಟಿಪಿ ಬೇಕು. ವಿದೇಶಿ ಹೋಸ್ಟಿಂಗ್ ಕಂಪನಿಗೆ ಕೊಟ್ಟ ಕಾರ್ಡ್ ಸದ್ದಿಲ್ಲದೆ ತಿರಸ್ಕೃತವಾಗಿ, ಎಚ್ಚರಿಕೆಯ ಇಮೇಲ್ ಯಾರೂ ನೋಡದ ಇನ್‌ಬಾಕ್ಸಿಗೆ ಹೋಗಿ, ಕೊನೆಗೆ ಸರ್ವರ್ ನಿಲ್ಲುವುದು ಹೀಗೆಯೇ. ಮುಂಗಡ ಜಮಾ ಮಾಡುವ ಅವಕಾಶವಿದ್ದರೆ ಮೂರು ತಿಂಗಳ ಹಣ ಹಾಕಿಡಿ, ಎರಡನೆಯ ಕಾರ್ಡ್ ಸೇರಿಸಿ, ಬಿಲ್ಲಿಂಗ್ ಇಮೇಲನ್ನು ಇಬ್ಬರೂ ಓದುವ ವಿಳಾಸಕ್ಕೆ ಕೊಡಿ. ಜಿಎಸ್‌ಟಿ ನಂಬರ್ ಇದ್ದರೆ ಖಾತೆಯಲ್ಲಿ ತುಂಬಿ. ಆಗ ವಿದೇಶಿ ಸೇವೆಯ ತೆರಿಗೆ ರಿವರ್ಸ್ ಚಾರ್ಜ್‌ನಲ್ಲಿ ನಿಮ್ಮ ಕಡೆ ಬರುತ್ತದೆ, ಅಂದರೆ ನೀವೇ ಕಟ್ಟಬೇಕು. ಅದನ್ನು ನಿಮ್ಮ ಸಿಎಗೆ ಮೊದಲೇ ಹೇಳಿಡಿ.

ಸರ್ವರ್ ಸಿಕ್ಕ ಮೊದಲ ದಿನ

ಸರ್ವರಿಗೆ ದೂರದಿಂದ ಲಾಗಿನ್ ಆಗುವ ಎಸ್‌ಎಸ್‌ಎಚ್‌ಗೆ ಕೀ ಹಾಕಿ, ಪಾಸ್‌ವರ್ಡ್ ಲಾಗಿನ್ ನಿಲ್ಲಿಸುವುದು ಎಲ್ಲರಿಗೂ ಗೊತ್ತಿರುವ ಹೆಜ್ಜೆ. ಇದರಲ್ಲಿ ಒಂದು ಗುಂಡಿ ಇದೆ. ಉಬುಂಟುವಿನಲ್ಲಿ ಅದರ ಮುಖ್ಯ ಸೆಟ್ಟಿಂಗ್ ಕಡತದ ಶುರುವಿನಲ್ಲೇ ಇನ್ನೊಂದು ಫೋಲ್ಡರಿನ ಕಡತಗಳನ್ನು ಸೇರಿಸಿಕೊಳ್ಳುವ ಸಾಲು ಇರುತ್ತದೆ, ಸರ್ವರನ್ನು ಮೊದಲ ಸಲ ಸಜ್ಜುಮಾಡುವ ಕ್ಲೌಡ್-ಇನಿಟ್ ಅಲ್ಲಿ ಪಾಸ್‌ವರ್ಡ್ ಲಾಗಿನ್ ತೆರೆದಿಡುವ ಕಡತ ಬರೆದಿರಬಹುದು. ಒಂದೇ ಸೆಟ್ಟಿಂಗ್ ಎರಡು ಸಲ ಬಂದರೆ ಎಸ್‌ಎಸ್‌ಎಚ್ ಮೊದಲು ಕಂಡದ್ದನ್ನೇ ಹಿಡಿಯುತ್ತದೆ. ಹಾಗಾಗಿ ಕೆಳಗೆ ನೀವು ಬರೆದ 'ಬೇಡ' ನಡೆಯುವುದೇ ಇಲ್ಲ. ಕಡತ ನೋಡಿ ನಂಬಬೇಡಿ. ಎಸ್‌ಎಸ್‌ಎಚ್‌ಡಿಗೆ ದೊಡ್ಡ ಟಿ ಆಯ್ಕೆ ಕೊಟ್ಟು (sshd -T) ನಿಜಕ್ಕೂ ಜಾರಿಯಲ್ಲಿರುವ ಸೆಟ್ಟಿಂಗ್ ಓದಿ. ರೀಸ್ಟಾರ್ಟ್ ಮಾಡುವಾಗ ಇನ್ನೊಂದು ಟರ್ಮಿನಲ್ ತೆರೆದೇ ಇರಲಿ.

ಆ್ಯಪ್‌ಗಳನ್ನು ಪೆಟ್ಟಿಗೆಯಂತೆ ಕಟ್ಟಿ ಓಡಿಸುವ ಡಾಕರ್ ಬಳಸುವವರು ಬೀಳುವ ಗುಂಡಿ ಇನ್ನೂ ಆಳ. ಯುಎಫ್‌ಡಬ್ಲ್ಯೂ ಫೈರ್‌ವಾಲಿನಲ್ಲಿ 22, 80, 443 ಪೋರ್ಟ್ ಬಿಟ್ಟು ಎಲ್ಲ ಮುಚ್ಚಿದ್ದೀರಿ. ಡಾಕರಿನ ಕಂಪೋಸ್ ಕಡತದಲ್ಲಿ ಪೋಸ್ಟ್‌ಗ್ರೆಸ್‌ಗೆ 5432:5432 ಎಂದು ಬರೆದಿದ್ದೀರಿ. ಡಾಕರ್ ಲಿನಕ್ಸಿನ ಐಪಿಟೇಬಲ್ಸ್‌ನಲ್ಲಿ ತನ್ನದೇ ನಿಯಮ ಬರೆಯುವುದರಿಂದ ಆ ಪೋರ್ಟ್ ಫೈರ್‌ವಾಲಿನ ಕಣ್ಣು ತಪ್ಪಿಸಿ ಇಡೀ ಇಂಟರ್ನೆಟ್ಟಿಗೆ ತೆರೆದಿರುತ್ತದೆ. 127.0.0.1:5432:5432 ಎಂದು ಬರೆಯಿರಿ. ಆ್ಯಪ್ ಕೂಡ ಅದೇ ಕಂಪೋಸಿನಲ್ಲಿದ್ದರೆ ಪೋರ್ಟ್ ಸಾಲೇ ಬೇಡ. ರೆಡಿಸ್ ಎಂಬ ಮೆಮೊರಿ ಡೇಟಾಬೇಸ್ ಇದ್ದರೆ ಅದಕ್ಕೂ ಇದೇ ಮಾತು. ಆಮೇಲೆ ನಿಮ್ಮ ಮನೆಯ ಕಂಪ್ಯೂಟರಿನಿಂದ ಎನ್‌ಮ್ಯಾಪ್ ಓಡಿಸಿ ಹೊರಗಿನಿಂದ ಏನು ಕಾಣುತ್ತದೆ ಎಂದು ಖಾತ್ರಿ ಮಾಡಿಕೊಳ್ಳಿ. ಹೋಸ್ಟಿಂಗ್ ಕಂಪನಿ ಯಂತ್ರದ ಹೊರಗೇ ಫೈರ್‌ವಾಲ್ ಕೊಡುತ್ತದಾದರೆ ಅದನ್ನೂ ಹಾಕಿ. ಡಾಕರ್ ಅದನ್ನು ದಾಟಲಾರದು.

ಅದೇ ಡಾಕರ್ ಲಾಗ್ ಕಡತಗಳಿಗೆ ತಾನಾಗಿ ಮಿತಿ ಹಾಕುವುದಿಲ್ಲ. ಕೆಲವು ತಿಂಗಳಲ್ಲಿ ಡಿಸ್ಕ್ ತುಂಬಿ, ಪೋಸ್ಟ್‌ಗ್ರೆಸ್ ಬರೆಯಲಾಗದೆ ನಿಲ್ಲುತ್ತದೆ. ಒಂದು ಕಡತಕ್ಕೆ 10 ಎಂಬಿ, ಒಟ್ಟು ಮೂರು ಕಡತ ಎಂದು ಮಿತಿ ಹಾಕಿ, ಉಳಿಸಬೇಕಾದ ಲಾಗನ್ನು ಬೇರೆಡೆ ಕಳಿಸಿ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ನ 2022ರ ಏಪ್ರಿಲ್ 28ರ ನಿರ್ದೇಶನದ ಪ್ರಕಾರ ಲಾಗ್‌ಗಳು 180 ದಿನ ಇರಬೇಕು, ಭದ್ರತಾ ಘಟನೆಯನ್ನು ಗಮನಕ್ಕೆ ಬಂದ 6 ಗಂಟೆಯೊಳಗೆ ತಿಳಿಸಬೇಕು. ಸ್ಟಾರ್ಟಪ್‌ಗಳಲ್ಲಿ ಇದು ನೆನಪಾಗುವುದು ಘಟನೆ ನಡೆದ ಮೇಲೆ.

ಬಿಲ್ಡ್ ಕೆಲಸವನ್ನು (ಕೋಡನ್ನು ಓಡಲು ಸಿದ್ಧಮಾಡುವುದು) ಸರ್ವರಿನಲ್ಲಿ ಮಾಡಬೇಡಿ. ಎನ್‌ಪಿಎಂ ಬಿಲ್ಡ್ ಒಂದಕ್ಕೇ ಒಂದು ಜಿಬಿ ದಾಟಬಹುದು. 'ಕಿಲ್ಡ್' ಎಂಬ ಒಂದೇ ಪದ, 137 ಎಂಬ ಎಕ್ಸಿಟ್ ಕೋಡ್ ಕಂಡರೆ ಮೆಮೊರಿ ಮುಗಿದಿದೆ ಎಂದರ್ಥ. ಗಿಟ್‌ಹಬ್ ಆ್ಯಕ್ಷನ್ಸ್‌ನಲ್ಲಿ ಖಾಸಗಿ ರೆಪೊಗಳಿಗೂ ತಿಂಗಳಿಗೆ 2,000 ನಿಮಿಷ ಉಚಿತ, ಇಬ್ಬರಿಗೆ ಧಾರಾಳವಾಯಿತು. ಅಲ್ಲಿ ಇಮೇಜ್ ತಯಾರಾಗಲಿ, ಸರ್ವರ್ ಅದನ್ನು ಎಳೆದುಕೊಂಡು ಮೈಗ್ರೇಷನ್ (ಟೇಬಲುಗಳ ಬದಲಾವಣೆ) ಓಡಿಸಿ ರೀಸ್ಟಾರ್ಟ್ ಆಗಲಿ. ಮುಂದೆ ಕ್ಯಾಡಿ ಎಂಬ ವೆಬ್ ಸರ್ವರ್ ಇದ್ದರೆ ಲೆಟ್ಸ್ ಎನ್‌ಕ್ರಿಪ್ಟ್‌ನ ಉಚಿತ ಎಚ್‌ಟಿಟಿಪಿಎಸ್ ಸರ್ಟಿಫಿಕೇಟ್ ಪಡೆಯುವುದು, ನವೀಕರಿಸುವುದು ಎರಡೂ ಅದರ ಪಾಲು. ಲೆಟ್ಸ್ ಎನ್‌ಕ್ರಿಪ್ಟ್ 2025ರ ಜೂನ್‌ನಿಂದ ಅವಧಿ ಮುಗಿಯುವ ಎಚ್ಚರಿಕೆಯ ಇಮೇಲ್ ಕಳಿಸುವುದನ್ನು ನಿಲ್ಲಿಸಿದೆ, ಅದಕ್ಕೆ ಹೊರಗಿನಿಂದ ಒಂದು ಕಾವಲು ಬೇಕು.

ಡೇಟಾಬೇಸ್, ಬ್ಯಾಕಪ್, ಬಿಲ್ ನಂಬರ್

ಉದ್ರಿ ಲೆಕ್ಕದ ಸೇವೆಯಲ್ಲಿ ಪುಟ ಅರ್ಧ ಗಂಟೆ ತೆರೆಯದಿದ್ದರೆ ಅಂಗಡಿಯವರು ಬಯ್ಯುತ್ತಾರೆ, ಮರೆಯುತ್ತಾರೆ. ಒಂದು ದಿನದ ಉದ್ರಿ ಅಳಿಸಿಹೋದರೆ ಮತ್ತೆ ನಿಮ್ಮನ್ನು ನಂಬುವುದಿಲ್ಲ, ಪಕ್ಕದ ಅಂಗಡಿಯವರನ್ನೂ ನಂಬಗೊಡುವುದಿಲ್ಲ. ಹಾಗಾಗಿ ತಂಡದ ಶ್ರಮದಲ್ಲಿ ಹೆಚ್ಚಿನ ಪಾಲು ಇಲ್ಲಿಗೆ ಸಲ್ಲಬೇಕು.

ಹೋಸ್ಟಿಂಗ್ ಕಂಪನಿಯ ವಾರದ ಬ್ಯಾಕಪ್ ಯಂತ್ರವನ್ನು ಮರಳಿ ಎಬ್ಬಿಸಲು ಮಾತ್ರ. ಪ್ರತಿ ರಾತ್ರಿ ಪಿಜಿ-ಡಂಪ್‌ನಲ್ಲಿ ಕಸ್ಟಮ್ ರೂಪದ ಪ್ರತಿ ತೆಗೆದು ಬೇರೆ ಕಂಪನಿಯ ಆಬ್ಜೆಕ್ಟ್ ಸ್ಟೋರೇಜಿಗೆ (ಕಡತಗಳನ್ನಿಡುವ ಕ್ಲೌಡ್ ಉಗ್ರಾಣ) ಕಳಿಸಿ, 30 ದಿನದವು ಇರಲಿ. ಅದರಲ್ಲೂ ಗರಿಷ್ಠ 24 ಗಂಟೆಯ ಲೆಕ್ಕ ಹೋಗಬಹುದು. ಆ ಸಂದು ಮುಚ್ಚಲು ವಾಲ್-ಜಿ ಅಥವಾ ಪಿಜಿಬ್ಯಾಕ್‌ರೆಸ್ಟ್ ಬಳಸಿ ಡೇಟಾಬೇಸಿನ ಮೂಲ ಪ್ರತಿಯನ್ನು (ಬೇಸ್ ಬ್ಯಾಕಪ್) ತೆಗೆದು, ಪ್ರತಿ ಬದಲಾವಣೆಯನ್ನು ಬರೆದಿಡುವ ಪೋಸ್ಟ್‌ಗ್ರೆಸ್‌ನ ವಾಲ್ ಕಡತಗಳನ್ನೂ ಬೆನ್ನುಬೆನ್ನಿಗೆ ಕಳಿಸುತ್ತಿರಬೇಕು; ಡಂಪ್ ಮೇಲೆ ವಾಲ್ ಕಡತ ಹಚ್ಚಲು ಬರುವುದಿಲ್ಲ. ವಾಲ್ ಕಡತ 16 ಎಂಬಿ ತುಂಬುವವರೆಗೆ ಹೊರಡುವುದಿಲ್ಲ. ಚಿಕ್ಕ ಸೇವೆಯಲ್ಲಿ ಅದು ತುಂಬಲು ಗಂಟೆಗಟ್ಟಲೆ ಬೇಕು. ಆರ್ಕೈವ್ ಟೈಮ್‌ಔಟ್ 300 ಸೆಕೆಂಡ್ ಎಂದಿಟ್ಟರೆ ಹೆಚ್ಚೆಂದರೆ ಐದು ನಿಮಿಷದ ನಷ್ಟ, ದಿನಕ್ಕೆ 288 ಕಡತ. ಖಾಲಿ ಭಾಗ ಒತ್ತಿ ಹಿಂಡಿದಾಗ ಏನೂ ಉಳಿಯುವುದಿಲ್ಲ, ಜಾಗದ ಚಿಂತೆ ಬೇಡ.

ಸರ್ವರಿನಲ್ಲಿರುವ ಕೀಗೆ ಬ್ಯಾಕಪ್ ಬರೆಯುವ ಅಧಿಕಾರ ಇರಲಿ, ಅಳಿಸುವ ಅಧಿಕಾರ ಬೇಡ. ಒಳಗೆ ನುಗ್ಗಿದವರು ಮೊದಲು ಹುಡುಕುವುದು ಬ್ಯಾಕಪ್ಪನ್ನೇ. ಬ್ಯಾಕಪ್ ಮುಗಿದಾಗಲೆಲ್ಲ ಹೊರಗಿನ ಒಂದು ವಿಳಾಸವನ್ನು ತಟ್ಟುವಂತೆ ಮಾಡಿ, 26 ಗಂಟೆ ತಟ್ಟದಿದ್ದರೆ ನಿಮಗೆ ಫೋನ್ ಬರಲಿ. ಹೊತ್ತಿಗೆ ಸರಿಯಾಗಿ ಬ್ಯಾಕಪ್ ಓಡಿಸುವ ಕ್ರಾನ್ ನಿಂತುಹೋದರೆ ಅದು ತಾನಾಗಿ ಹೇಳುವುದಿಲ್ಲವಲ್ಲ. ತಿಂಗಳಿಗೊಮ್ಮೆ ಹೊಸ ಸರ್ವರ್ ತೆಗೆದು, ಬ್ಯಾಕಪ್ಪಿನಿಂದ ಎಬ್ಬಿಸಿ, ಯಾವುದಾದರೂ ಮೂರು ಅಂಗಡಿಯ ಬಾಕಿ ಮೊತ್ತ ತಾಳೆ ನೋಡಿ, ಸರ್ವರ್ ಅಳಿಸಿ. ಒಂದು ಗಂಟೆಯ ಕೆಲಸ, ಹತ್ತು ರೂಪಾಯಿಯೂ ಖರ್ಚಾಗುವುದಿಲ್ಲ.

ಮೊತ್ತವನ್ನು ದಶಮಾಂಶ ಅಂದಾಜಾಗುವ ಫ್ಲೋಟ್‌ನಲ್ಲಿ ಇಡಬೇಡಿ, ಪೈಸೆಯ ಪೂರ್ಣಾಂಕವೋ ನ್ಯೂಮರಿಕ್ ಕಾಲಮ್ಮೋ ಇರಲಿ. ಬಿಲ್ ನಂಬರಿಗೆ ತಾನಾಗಿ ನಂಬರ್ ಕೊಡುವ ಪೋಸ್ಟ್‌ಗ್ರೆಸ್‌ನ ಸೀಕ್ವೆನ್ಸ್ ಬಳಸಬೇಡಿ. ವಹಿವಾಟು ರದ್ದಾದರೂ ಸೀಕ್ವೆನ್ಸ್ ಹಿಂದೆ ಬರುವುದಿಲ್ಲ, ನಡುವೆ ನಂಬರ್ ಬಿಟ್ಟುಹೋಗುತ್ತದೆ. ಜಿಎಸ್‌ಟಿ ನಿಯಮ ಕೇಳುವುದು ಆ ಹಣಕಾಸು ವರ್ಷದಲ್ಲಿ ಮರುಕಳಿಸದ, ಅನುಕ್ರಮವಾದ, 16 ಅಕ್ಷರ ಮೀರದ ನಂಬರ್. ಅಂಗಡಿಗೊಂದು ಸಾಲಿರುವ ಎಣಿಕೆಯ ಟೇಬಲ್ ಮಾಡಿ, ಬಿಲ್ ಉಳಿಸುವ ಅದೇ ವಹಿವಾಟಿನಲ್ಲಿ ಆ ಸಾಲನ್ನು ಲಾಕ್ ಮಾಡಿ ಒಂದು ಕೂಡಿಸಿ. ಒಂದು ಅಂಗಡಿಯ ಬಿಲ್‌ಗಳು ಒಂದರ ಹಿಂದೊಂದು ನಿಲ್ಲುತ್ತವೆ, ಬೇರೆ ಅಂಗಡಿಗೆ ತಡೆಯಾಗುವುದಿಲ್ಲ.

ಸಮಯವನ್ನು ಯುಟಿಸಿಯಲ್ಲಿ (ಅಂತರರಾಷ್ಟ್ರೀಯ ಸಮಯ) ಉಳಿಸಿ, ದಿನದ ಲೆಕ್ಕವನ್ನು ಭಾರತೀಯ ಸಮಯಕ್ಕೆ ತಿರುಗಿಸಿಯೇ ಕಟ್ಟಿ. ತಿರುಗಿಸದಿದ್ದರೆ ಬೆಳಗಿನ ಐದೂವರೆಗೆ ಮುಂಚಿನ ವ್ಯಾಪಾರವೆಲ್ಲ ಹಿಂದಿನ ದಿನಕ್ಕೆ ಸೇರುತ್ತದೆ. ಬಟ್ಟೆ ಅಂಗಡಿಯಲ್ಲಿ ಈ ತಪ್ಪು ವರ್ಷಗಟ್ಟಲೆ ಕಾಣುವುದಿಲ್ಲ. ಎಪಿಎಂಸಿಯ ತರಕಾರಿ ದಲಾಲರೊಬ್ಬರು ಸೇರಿದ ಮೊದಲ ದಿನವೇ ಹೊರಬೀಳುತ್ತದೆ, ಅವರ ವ್ಯಾಪಾರ ಶುರುವಾಗುವುದೇ ನಸುಕಿನಲ್ಲಿ.

ಕನ್ನಡದ ಪಠ್ಯ

ಇಲ್ಲಿ ಕೆಡುವುದನ್ನು ಬೇರೆ ದೇಶದ ಪಾಠಗಳು ಹೇಳಿಕೊಡುವುದಿಲ್ಲ. 'ಕೊಟ್ರೇಶ' ಎಂಬ ಹೆಸರು ತೆಗೆದುಕೊಳ್ಳಿ. ಮೊದಲ ಅಕ್ಷರದ ಒತ್ವವನ್ನು ಯೂನಿಕೋಡಿನಲ್ಲಿ ಒಂದೇ ಚಿಹ್ನೆಯಾಗಿಯೂ ಇಡಬಹುದು, ಎತ್ವ ಮತ್ತು ಊಕಾರದ ಎರಡು ಚಿಹ್ನೆಗಳಾಗಿಯೂ ಇಡಬಹುದು. ಕಣ್ಣಿಗೆ ಎರಡೂ ಒಂದೇ, ಡೇಟಾಬೇಸಿಗೆ ಬೇರೆ ಬೇರೆ. ಹಳೆಯ ಫಾಂಟ್ ಪಠ್ಯವನ್ನು ಯೂನಿಕೋಡಿಗೆ ತಿರುಗಿಸಿದ ಎಕ್ಸೆಲ್ ಕಡತದಿಂದ ಒಂದು ರೂಪ, ಮೊಬೈಲ್ ಕೀಲಿಮಣೆಯಿಂದ ಇನ್ನೊಂದು ರೂಪ ಬಂದರೆ ಒಬ್ಬನೇ ಗಿರಾಕಿಗೆ ಎರಡು ಖಾತೆಯಾಗಿ ಉದ್ರಿ ಹರಿದು ಹಂಚಿಹೋಗುತ್ತದೆ. ಒಳಬರುವ ಪ್ರತಿ ಪಠ್ಯವನ್ನೂ ಉಳಿಸುವ ಮೊದಲು ಎನ್‌ಎಫ್‌ಸಿ ಎಂಬ ಒಂದೇ ರೂಪಕ್ಕೆ ತನ್ನಿ, ಪೈಥಾನಿನಲ್ಲಿ ಒಂದೇ ಸಾಲು. ಅಷ್ಟರಿಂದ ಮುಗಿಯುವುದಿಲ್ಲ: 'ರಾಜ್‌ಕುಮಾರ್' ಎಂಬಲ್ಲಿ ಜ್ ಮತ್ತು ಕು ಕೂಡಿಕೊಳ್ಳದಂತೆ ತಡೆಯುವ ಕಾಣದ ಅಕ್ಷರವನ್ನು ಎನ್‌ಎಫ್‌ಸಿ ತೆಗೆಯುವುದಿಲ್ಲ. ತೋರಿಸುವ ಹೆಸರಿನಲ್ಲಿ ಅದು ಇರಲೇಬೇಕು. ಹುಡುಕಲು ಮಾತ್ರ ಇನ್ನೊಂದು ಕಾಲಮ್ ಇಟ್ಟು, ಅದರಲ್ಲಿ ಕಾಣದ ಈ ಕೂಡಕ (ZWJ), ಬಿಡಕ (ZWNJ) ಎರಡನ್ನೂ ಕಿತ್ತುಹಾಕಿ ಉಳಿಸಿ.

ಪೋಸ್ಟ್‌ಗ್ರೆಸ್‌ನ ಪಠ್ಯ ಹುಡುಕಾಟದಲ್ಲಿ ಹಿಂದಿಗೆ, ತಮಿಳಿಗೆ ಪದಮೂಲ ಹಿಡಿಯುವ ವ್ಯವಸ್ಥೆ ಇದೆ, ಕನ್ನಡಕ್ಕಿಲ್ಲ. ಹೆಸರು ಹುಡುಕಲು ಮೂರು ಮೂರು ಅಕ್ಷರ ಹೋಲಿಸುವ ಟ್ರೈಗ್ರಾಂ ಎಕ್ಸ್‌ಟೆನ್ಷನ್ ಸಾಕು, ಆದರೆ ಡೇಟಾಬೇಸಿನ ಲೊಕೇಲ್ (ಭಾಷೆಯ ಸೆಟ್ಟಿಂಗ್) 'ಸಿ' ಆಗಿದ್ದರೆ ಅದಕ್ಕೆ ಕನ್ನಡದ ಅಕ್ಷರ ಅಕ್ಷರವಾಗಿಯೇ ಕಾಣುವುದಿಲ್ಲ, ಫಲಿತಾಂಶ ಖಾಲಿ. ಆಲ್ಪೈನ್ ಲಿನಕ್ಸ್ ಆಧಾರದ ಡಾಕರ್ ಇಮೇಜಿನಲ್ಲಿ ಲೊಕೇಲ್ ಬೆಂಬಲ ಪೂರ್ತಿ ಇಲ್ಲ, ಡೆಬಿಯನ್ ಆಧಾರದ್ದನ್ನೇ ತೆಗೆದುಕೊಳ್ಳಿ. ಇದನ್ನು ಡೇಟಾಬೇಸ್ ಹುಟ್ಟುವಾಗಲೇ ಸರಿಮಾಡಬೇಕು. ಆಮೇಲಾದರೆ ಇಡೀ ಡೇಟಾಬೇಸನ್ನು ಡಂಪ್ ತೆಗೆದು ಹೊಸದಕ್ಕೆ ಸುರಿಯಬೇಕು. ಕಾಗುಣಿತ ತಪ್ಪಿದರೂ ಉಚ್ಚಾರಣೆ ಹಿಡಿದು ಹುಡುಕಬೇಕಿದ್ದರೆ ಷೇರು ದಲ್ಲಾಳಿ ಕಂಪನಿ ಜೆರೋಧಾದ ಕೈಲಾಶ್ ನಾದ್ ಮುಕ್ತವಾಗಿ ಕೊಟ್ಟಿರುವ ಕೆಎನ್‌ಫೋನ್ ಇದೆ, ಕನ್ನಡಕ್ಕೆಂದೇ ಬರೆದದ್ದು.

ಪಿಡಿಎಫ್ ಬಿಲ್ಲಿನಲ್ಲಿ ಒತ್ತಕ್ಷರ ಕಳಚಿ ಪಕ್ಕಕ್ಕೆ ಬಿದ್ದಿದ್ದರೆ ಆ ಲೈಬ್ರರಿಗೆ ಅಕ್ಷರ ಜೋಡಿಸುವ ವಿದ್ಯೆ ಬರುವುದಿಲ್ಲ ಎಂದರ್ಥ, ಫಾಂಟ್ ಬದಲಿಸಿ ಪ್ರಯೋಜನವಿಲ್ಲ. ವೀಸಿಪ್ರಿಂಟ್ ಅಥವಾ ಪರದೆಯಿಲ್ಲದ ಕ್ರೋಮ್ ಬಳಸಿ. ಅಕ್ಷರದ ಬದಲು ಖಾಲಿ ಚೌಕ ಬಂದರೆ ಮಾತ್ರ ಫಾಂಟ್ ತೊಂದರೆ: ಡಾಕರಿನ ಸಣ್ಣ ಇಮೇಜಿನಲ್ಲಿ ಕನ್ನಡ ಫಾಂಟ್ ಇರುವುದಿಲ್ಲ, ನೋಟೊ ಸ್ಯಾನ್ಸ್ ಕನ್ನಡ ಸೇರಿಸಿ. ಥರ್ಮಲ್ ಪ್ರಿಂಟರುಗಳಲ್ಲಿ ಸಾಮಾನ್ಯವಾಗಿ ಕನ್ನಡ ಇಲ್ಲ, ಬಿಲ್ಲನ್ನು ಚಿತ್ರವಾಗಿಸಿ ಕಳಿಸಬೇಕು. 58 ಮಿಲಿಮೀಟರ್ ಪ್ರಿಂಟರಿಗೆ 384 ಚುಕ್ಕೆ ಅಗಲ, 80 ಮಿಲಿಮೀಟರಿನದಕ್ಕೆ 576. ಅದಕ್ಕಿಂತ ಅಗಲವಾದ ಚಿತ್ರ ಕಳಿಸಿದರೆ ಬಲಗಡೆಯ ಮೊತ್ತವೇ ಕತ್ತರಿಸಿ ಹೋಗುತ್ತದೆ.

ಪುಟದ ವಿಳಾಸದಲ್ಲಿ ಕನ್ನಡ ಬೇಡ. 'ಹುಬ್ಬಳ್ಳಿ' ಎಂಬ ಪದ ಯುಟಿಎಫ್-8ರಲ್ಲಿ 27 ಬೈಟ್, ಲಿಂಕ್ ನಕಲು ಮಾಡಿ ಅಂಟಿಸಿದಾಗ ಶೇಕಡಾ ಚಿಹ್ನೆಗಳ 81 ಅಕ್ಷರದ ಸಾಲು.

ಎಸ್ಸೆಮ್ಮೆಸ್, ಇಮೇಲ್, ಡೊಮೇನ್

ಕನ್ನಡ ಎಸ್ಸೆಮ್ಮೆಸ್ಸಿಗೆ 160 ಅಲ್ಲ, 70 ಅಕ್ಷರದ ಮಿತಿ. ಅದು ಮೀರಿದರೆ ತುಂಡಿಗೆ 67. ಎಣಿಸುವಾಗ ಗುಣಿತ, ಒತ್ತು, ಹಲಂತ ಎಲ್ಲ ಬೇರೆ ಬೇರೆ. 'ಸ್ತ್ರೀ' ಒಂದಕ್ಕೇ ಆರು. ಬಾಕಿಯ ಸಂದೇಶ ಎರಡು ಸಾಲಾದರೆ ಮೂರು ಎಸ್ಸೆಮ್ಮೆಸ್ಸಿನ ದುಡ್ಡು ಹೋಗುತ್ತದೆ. 'ರೂಪಾಯಿ' ಬದಲು 'ರೂ.' ಎಂದು ಬರೆಯುವ ಲೆಕ್ಕವನ್ನು ಟೆಂಪ್ಲೇಟ್ ಬರೆಯುವಾಗಲೇ ಹಾಕಿ, ಏಕೆಂದರೆ ದೂರಸಂಪರ್ಕ ನಿಯಂತ್ರಕ ಟ್ರಾಯ್ ನಿಯಮದಂತೆ ಕಂಪನಿ, ಹೆಡರ್ (ಕಳಿಸುವವರ ಹೆಸರು), ಟೆಂಪ್ಲೇಟ್ ಮೂರನ್ನೂ ಟೆಲಿಕಾಂ ಕಂಪನಿಗಳ ಡಿಎಲ್‌ಟಿ ತಾಣದಲ್ಲಿ ನೋಂದಾಯಿಸಬೇಕು. ನೋಂದಾಯಿಸಿದ ಪಠ್ಯಕ್ಕೂ ಕಳಿಸಿದ್ದಕ್ಕೂ ಒಂದು ಪೂರ್ಣವಿರಾಮ ವ್ಯತ್ಯಾಸವಾದರೂ ಸಂದೇಶ ದಾರಿಯಲ್ಲೇ ಬೀಳುತ್ತದೆ. 2024ರ ಅಕ್ಟೋಬರ್ 1ರಿಂದ ಸಂದೇಶದೊಳಗಿನ ಲಿಂಕನ್ನೂ ಮೊದಲೇ ನೋಂದಾಯಿಸಬೇಕು. ಈ ಕಾಗದಪತ್ರಕ್ಕೆ ದಿನಗಟ್ಟಲೆ ಹಿಡಿಯುವುದರಿಂದ ಕೋಡ್ ಬರೆಯುವ ಮೊದಲ ವಾರವೇ ಅರ್ಜಿ ಹಾಕಿಬಿಡಿ.

ಇಮೇಲನ್ನು ನಿಮ್ಮ ಸರ್ವರಿನಿಂದ ನೇರ ಕಳಿಸಲು ಹೋಗಬೇಡಿ, ಹೆಚ್ಚಿನ ಕ್ಲೌಡ್‌ಗಳಲ್ಲಿ 25ನೇ ಪೋರ್ಟ್ ಮುಚ್ಚಿರುತ್ತದೆ. ಅಮೆಜಾನ್ ಎಸ್‌ಇಎಸ್‌ನಲ್ಲಿ 1,000 ಇಮೇಲಿಗೆ 10 ಸೆಂಟ್. ಮೊದಲಿಗೆ ದಿನಕ್ಕೆ 200ರ ಮಿತಿಯ ಪರೀಕ್ಷಾ ಹಂತದಲ್ಲಿ ಇಟ್ಟಿರುತ್ತಾರೆ, ಹೊರಬರಲು ಕೋರಿಕೆ ಸಲ್ಲಿಸಬೇಕು. ಇಮೇಲ್ ನಿಮ್ಮದೇ ಎಂದು ಸಾಬೀತು ಮಾಡುವ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಮೂರೂ ಡಿಎನ್‌ಎಸ್‌ನಲ್ಲಿ (ಡೊಮೇನಿನ ವಿಳಾಸಪಟ್ಟಿ) ಇರಲಿ.

ಡೊಮೇನ್ ಕೊಂಡ ಖಾತೆ ಕಂಪನಿಯ ಹೆಸರಿನಲ್ಲಿರಬೇಕು, ಕೋಡ್ ಬರೆದ ಗೆಳೆಯನ ಸ್ವಂತ ಖಾತೆಯಲ್ಲಿ ಅಲ್ಲ. ಆ ಖಾತೆಯ ಲಾಗಿನ್ ಇಮೇಲ್ ಮಾತ್ರ ಅದೇ ಡೊಮೇನಿನದಾಗಬಾರದು. ಡೊಮೇನ್ ಅವಧಿ ಮುಗಿದರೆ ಇಮೇಲ್ ನಿಲ್ಲುತ್ತದೆ, ಇಮೇಲ್ ನಿಂತರೆ ಪಾಸ್‌ವರ್ಡ್ ಮರಳಿ ಪಡೆಯುವ ಸಂದೇಶ ಬರುವುದಿಲ್ಲ, ಮನೆಯೊಳಗೆ ಬೀಗದ ಕೈ ಬಿಟ್ಟು ಬಾಗಿಲು ಎಳೆದುಕೊಂಡಂತೆ. ಐದು ವರ್ಷಕ್ಕೆ ಒಟ್ಟಿಗೆ ಕೊಂಡುಬಿಡಿ. ಕೊಳ್ಳುವಾಗ ಮೊದಲ ವರ್ಷದ ಬೆಲೆ ಬಿಟ್ಟು ನವೀಕರಣದ ಬೆಲೆ ನೋಡಿ.

ಸರ್ವರ್ ಬದಲಿಸುವ ದಿನ

ಅಂಗಡಿಗಳು ಹೆಚ್ಚಿ ಸರ್ವರ್ ಏದುಸಿರು ಬಿಡುತ್ತಿದ್ದರೆ ಮೊದಲು ಪಿಜಿ-ಸ್ಟ್ಯಾಟ್-ಸ್ಟೇಟ್‌ಮೆಂಟ್ಸ್ ತೆರೆದು ಯಾವ ಕ್ವೆರಿ ಒಟ್ಟು ಹೆಚ್ಚು ಸಮಯ ತಿನ್ನುತ್ತಿದೆ ನೋಡಿ. ಬಿಟ್ಟುಹೋದ ಒಂದು ಇಂಡೆಕ್ಸ್ (ಬೇಗ ಹುಡುಕಲು ಸೂಚಿ) ಸೇರಿಸಿದರೆ ವರ್ಷ ದೂಡಬಹುದು. ಓಡುತ್ತಿರುವ ಟೇಬಲಿಗೆ ಇಂಡೆಕ್ಸ್ ಹಾಕುವಾಗ 'ಕನ್‌ಕರೆಂಟ್ಲಿ' ಸೇರಿಸದಿದ್ದರೆ ಬಿಲ್ ಹಾಕುವುದು ನಿಲ್ಲುತ್ತದೆ. ಅಷ್ಟಾದರೂ ಸಾಲದಿದ್ದರೆ ದೊಡ್ಡ ಯಂತ್ರ. ಆಮೇಲೆ ಡೇಟಾಬೇಸಿಗೆ ಬೇರೆ ಯಂತ್ರ.

ಜಾಗ ಬದಲಿಸುವ ಹಿಂದಿನ ದಿನವೇ ಡಿಎನ್‌ಎಸ್‌ನ ಟಿಟಿಎಲ್ (ಹಳೆಯ ವಿಳಾಸ ನೆನಪಿಟ್ಟುಕೊಳ್ಳುವ ಅವಧಿ) 300 ಸೆಕೆಂಡಿಗೆ ಇಳಿಸಿ. ರಾತ್ರಿ ಹನ್ನೊಂದಕ್ಕೆ, ಪೇಟೆ ಮುಚ್ಚಿದ ಮೇಲೆ, ಆ್ಯಪನ್ನು 'ದುರಸ್ತಿ ನಡೆದಿದೆ' ಪುಟಕ್ಕೆ ತಿರುಗಿಸಿ ಬರೆಯುವುದನ್ನು ನಿಲ್ಲಿಸಿ. ಡಂಪ್ ತೆಗೆದು ಹೊಸದರಲ್ಲಿ ಸುರಿಯಿರಿ; ಐದಾರು ಜಿಬಿಗೆ ನಿಮಿಷಗಳ ಕೆಲಸ, ಪ್ರತಿ ತಿಂಗಳ ತಾಲೀಮಿನಲ್ಲಿ ನಿಮಗೆ ಸರಿಯಾದ ಸಮಯ ಗೊತ್ತಾಗಿರುತ್ತದೆ. ಮುಖ್ಯ ಟೇಬಲುಗಳ ಸಾಲು ಎಣಿಕೆ, ಎಲ್ಲ ಅಂಗಡಿಗಳ ಬಾಕಿಯ ಒಟ್ಟು ಮೊತ್ತ ಎರಡೂ ಕಡೆ ಒಂದೇ ಇದ್ದರೆ ಡಿಎನ್‌ಎಸ್ ಬದಲಿಸಿ. ಹಳೆಯ ಸರ್ವರ್ ಒಂದು ವಾರ ದುರಸ್ತಿಯ ಪುಟ ತೋರಿಸುತ್ತಲೇ ಇರಲಿ. ಅದರ ಲಾಗಿನಲ್ಲಿ ಅಂಗಡಿಗಳಿಂದ ಒಂದು ಕೋರಿಕೆಯೂ ಬರುತ್ತಿಲ್ಲ ಎಂದಾದ ಮೇಲೆ ಅಳಿಸಿ.